ಅಪ್‌ಡೇಟ್: ರಂಗನತಿಟ್ಟಿಗೆ ಲೆನ್ಸ್ ತಗೊಂಡಾಯ್ತು

ನನ್ನ ನಿಕಾನ್ ಡಿಎಕ್ಸ್ (ಚಿಕ್ಕ ಸೆನ್ಸರ್‌ನ) ಕ್ಯಾಮೆರಾಗೆ, ಹಕ್ಕಿ ತೆಗೆಯೋಕೆ 70-300 ಎಂಎಂ ಲೆನ್ಸ್ ಸಾಕಾ, 200-500 ಬೇಕಾ ಅಂತ ಕೇಳಿದ್ದೆ. ಬಾಡಿಗೆಗೆ ತಂದು ನೋಡಿ ಅಂದಿದ್ರಲ್ಲ, ಹಾಗೇ ಮಾಡಿದೆ. ತುಂಬಾ ಉಪಕಾರ ಆಯ್ತು.

ಬಣ್ಣದ ಕೊಕ್ಕರೆಗೆ 300 ಧಾರಾಳ. ಡಿಎಕ್ಸ್‌ನಲ್ಲಿ ಅದು 450ರಷ್ಟು ಹತ್ತಿರ ತೋರಿಸುತ್ತೆ. ಮಿಂಚುಳ್ಳಿಗೆ ಮಾತ್ರ 500 ಬೇಕೇ ಬೇಕು, ನನಗೆ ಬೇಕಿದ್ದದ್ದೂ ಆ ಹಕ್ಕೀನೇ. ದೋಣಿ ತೂಗ್ತಿರುತ್ತೆ, ಟ್ರೈಪಾಡ್ ನಡೆಯಲ್ಲ. ಲೆನ್ಸ್‌ನೊಳಗಿನ ವಿಆರ್ ವ್ಯವಸ್ಥೆ ಕೈನಡುಕ ತಡೆಯುತ್ತೆ, ರೆಕ್ಕೆ ಬಡಿತಾನಲ್ಲ. ಶಟರ್ ವೇಗ 1/2000 ಸೆಕೆಂಡಿಗೆ ಏರಿಸಿದ ಮೇಲೇ ರೆಕ್ಕೆ ತುದಿಯ ಗರಿಗಳು ಬಿಡಿಬಿಡಿಯಾಗಿ ಬಂದವು. 200-500ರ ತೂಕ ಸುಮಾರು 2.3 ಕೆಜಿ, ತೋಳು ನೋಯೋದು ನಿಜ.

ಕೊನೆಗೆ ಮೈಸೂರಲ್ಲೇ ಸೆಕೆಂಡ್ ಹ್ಯಾಂಡ್ 200-500 ತಗೊಂಡೆ. ಮೊದಲು ತೋರಿಸಿದ ಲೆನ್ಸ್‌ನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟಾಗ ಗಾಜಿನ ಅಂಚಲ್ಲಿ ಜೇಡರ ಬಲೆ ಥರ ಫಂಗಸ್ ಕಾಣಿಸ್ತು, ಬಿಟ್ಟುಬಿಟ್ಟೆ. ಹಳೇ ಲೆನ್ಸ್ ತಗೊಳ್ಳೋರು ದಯವಿಟ್ಟು ಹೀಗೆ ನೋಡ್ದೆ ದುಡ್ಡು ಕೊಡಬೇಡಿ.