ಸಹಾಯ ಬೇಕು: ಆಸ್ಟ್ರೇಲಿಯಾದ ಪಾಪುನ್ಯ ಎಂಬ ಊರಿನ ಮೂಲನಿವಾಸಿಗಳ ಚಿತ್ರಗಳಲ್ಲಿ ಯಾವುದನ್ನು ತರಗತಿಯಲ್ಲಿ ತೋರಿಸಬಹುದು?

ಎಲ್ಲರಿಗೂ ನಮಸ್ಕಾರ. ಚಿತ್ರಕಲಾ ವಿದ್ಯಾರ್ಥಿಗಳಿಗೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಲೆಯ ಇತಿಹಾಸ ಪಾಠ ಮಾಡುತ್ತಿದ್ದೇನೆ. 1971ರಲ್ಲಿ ಪಾಪುನ್ಯ ಶಾಲೆಯ ಗೋಡೆ ಮೇಲೆ ಅಲ್ಲಿನ ಮೂಲನಿವಾಸಿಗಳೇ ಜೇನಿರುವೆಯ (ಹೊಟ್ಟೆಯಲ್ಲಿ ಸಿಹಿರಸ ತುಂಬಿಕೊಳ್ಳುವ ಇರುವೆ) ಬಗೆಗಿನ ತಮ್ಮ ಪರಂಪರೆಯ ಕಥೆಯನ್ನು ಚಿತ್ರವಾಗಿ ಬರೆದರು, ಮೇಷ್ಟ್ರು ಜೆಫ್ರಿ ಬಾರ್ಡನ್ ಬೆನ್ನಿಗೆ ನಿಂತರು, ಆಮೇಲೆ ಆ ಗೋಡೆಗೇ ಬಣ್ಣ ಬಳಿದು ಚಿತ್ರ ಮುಚ್ಚಿಬಿಟ್ಟರು. ಇದನ್ನೆಲ್ಲ ಬಿಟ್ಟು ಅಲ್ಲಿನ ಕಲೆಯನ್ನು ಸುಮ್ನೆ ಚುಕ್ಕಿ ಚಿತ್ರ ಅಂತ ಕಲಿಸುವುದು ಅನ್ಯಾಯ ಅಲ್ವಾ? ತೊಡಕು ಏನಂದ್ರೆ, ಅಲ್ಲಿನವರು ಹಲಗೆ ಮೇಲೆ ಬರೆದ ಮೊದಮೊದಲ ಚಿತ್ರಗಳಲ್ಲಿ ಕೆಲವನ್ನು ಆ ಸಮುದಾಯದಲ್ಲಿ ದೀಕ್ಷೆ ಪಡೆದ ಗಂಡಸರು ಮಾತ್ರ ನೋಡಬೇಕು. ಸಿಕ್ಕಿದ್ದನ್ನೆಲ್ಲ ಪರದೆ ಮೇಲೆ ಹಾಕೋಕೆ ನನಗೆ ಮನಸ್ಸು ಬರುತ್ತಿಲ್ಲ. ಆಲಿಸ್ ಸ್ಪ್ರಿಂಗ್ಸ್, ಡಾರ್ವಿನ್ ಕಡೆ ಇರುವ ಕನ್ನಡಿಗರು ಯಾರಾದರೂ ಇದ್ದೀರಾ? ಯಾವುದನ್ನು ತೋರಿಸಬಹುದು, ಯಾರ ಅನುಮತಿ ಕೇಳಬೇಕು ಅಂತ ಅಲ್ಲಿನ ಮ್ಯೂಸಿಯಂನಲ್ಲೋ ಕಲಾಕೇಂದ್ರದಲ್ಲೋ ವಿಚಾರಿಸಿ ಹೇಳಿದರೆ ದೊಡ್ಡ ಉಪಕಾರ. ಮುಂದಿನ ತಿಂಗಳು ಪಾಠ ಇದೆ.