ಮೊಣಕಾಲು ನೋವಿನ ರೇಡರ್‌ಗೆ 25 ಸಾವಿರ ಕೊಡಬೇಕೇ?

ಖಜಾಂಚಿ, ಅಂಕೋಲಾ ಕಡೆಯವನು:

ನಾನು ಅಂಕೋಲಾ ಹತ್ತಿರದ ಒಂದು ಊರಿನ ಕಬಡ್ಡಿ ತಂಡದ ಲೆಕ್ಕ ಬರೆಯುವವನು. ಆಟ ಬಿಟ್ಟು ಹನ್ನೊಂದು ವರ್ಷವಾಯಿತು, ಈಗ ಕೈಯಲ್ಲಿರುವುದು ರಸೀದಿ ಪುಸ್ತಕ ಮಾತ್ರ. ಮುಂದಿನ ತಿಂಗಳು ಕುಮಟಾದಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಇದೆ, ಮ್ಯಾಟ್ ಮೇಲೆ. ಮೊದಲ ಬಹುಮಾನ 50 ಸಾವಿರ. ನಮ್ಮ ಪೆಟ್ಟಿಗೆಯಲ್ಲಿರುವುದು 41 ಸಾವಿರ. ಅದರಲ್ಲಿ ಅರ್ಧ ಬೋಟಿನವರು ಕೊಟ್ಟದ್ದು, ಉಳಿದದ್ದು ಹುಡುಗರು ಮನೆಮನೆ ತಿರುಗಿ ಐವತ್ತು, ನೂರು ಎಂದು ಎತ್ತಿದ್ದು.

ಈಗ ತಂಡದ ಅರ್ಧ ಜನ ಹೊರಗಿನ ಒಬ್ಬ ರೇಡರ್‌ನನ್ನು (ಎದುರಾಳಿಯ ಅಂಕಣಕ್ಕೆ ನುಗ್ಗಿ ಅಂಕ ತರುವವನನ್ನು) ಕರೆಸೋಣ ಎಂದು ಹಟ ಹಿಡಿದಿದ್ದಾರೆ. ಹೆಸರು ಬೇಡ; ಜಿಲ್ಲೆಯಲ್ಲಿ ಕಬಡ್ಡಿ ನೋಡುವವರಿಗೆಲ್ಲ ಗೊತ್ತಿರುವ ಹುಡುಗ. ಮೂರು ದಿನಕ್ಕೆ 25 ಸಾವಿರ ಕೇಳುತ್ತಾನೆ, ಅದೂ ಮುಂಗಡ. ಆಟದ ಬಗ್ಗೆ ನನ್ನ ತಕರಾರಿಲ್ಲ. ನಾಲ್ವರು ಮುತ್ತಿದಾಗಲೂ ನೆಲಕ್ಕೆ ಬಿದ್ದವನು ಬೆರಳ ತುದಿಯಲ್ಲಿ ನಡುಗೆರೆ ಮುಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಕಳೆದ ವರ್ಷ ಅವನ ಬಲ ಮೊಣಕಾಲು ತಿರುಚಿತ್ತು. ಮಣಿಪಾಲಕ್ಕೆ ಹೋಗಿ ಬಂದ ಎನ್ನುತ್ತಾರೆ. ಶಸ್ತ್ರಚಿಕಿತ್ಸೆಯಾಯಿತೋ, ಪಟ್ಟಿ ಕಟ್ಟಿ ಕಳುಹಿಸಿದರೋ, ಒಬ್ಬೊಬ್ಬರದು ಒಂದೊಂದು ಕಥೆ. ಹೋದ ವಾರ ಒಂದು ಮದುವೆ ಮನೆಯಲ್ಲಿ ಕಂಡ. ಎಲ್ಲರೂ ಪಂಕ್ತಿಯಲ್ಲಿ ನೆಲಕ್ಕೆ ಕುಳಿತರೆ, ಇವನು ಮುದುಕರ ಜೊತೆ ಮೇಜಿನ ಕಡೆ ನಡೆದ. ಅಂದಿನಿಂದ ನನಗೆ ನಿದ್ದೆ ಇಲ್ಲ.

ಅವನು ಬಂದರೆ ನಮ್ಮ ಊರಿನ ಹುಡುಗನೊಬ್ಬ ಹೊರಗೆ ಕೂರಬೇಕಾಗುತ್ತದೆ. ಮಳೆಗಾಲವಿಡೀ ಶಾಲೆಯ ಜಗಲಿಯಲ್ಲಿ ಬಸ್ಕಿ ಹೊಡೆದ ಹುಡುಗ. ಏನು ಮಾಡಲಿ?

ಕಾಳಿ ದಂಡೆಯವ, ಕಾರವಾರ:

ಕೊಡಿ ಮಾರಾಯರೇ! 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್ ನೆನಪಿದೆಯೇ? ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಬೆಂಗಳೂರು ಬುಲ್ಸ್ 38-33ರಲ್ಲಿ ಗುಜರಾತನ್ನು ಮಣಿಸಿ ಮೊದಲ ಸಲ ಕಪ್ ಎತ್ತಿತು. ಅಂಥವನೊಬ್ಬ ಇದ್ದರೆ ಎದುರಿನ ಏಳು ಜನರ ಕಾಲೂ ನಡುಗುತ್ತದೆ. ಪೆಟ್ಟಿಗೆಗೆ ಬೀಗ ಹಾಕಿಕೊಂಡು ಕುಳಿತರೆ ಮೊದಲ ಸುತ್ತಿನಲ್ಲೇ ಸೋತು, ಕುಮಟಾದಲ್ಲಿ ಚಹಾ ಕುಡಿದು ಕೊನೆಯ ಬಸ್ಸಿಗೆ ಮನೆಗೆ ಬರುತ್ತೀರಿ.

ಹಳೆಯ ಬಲಮೂಲೆ, ಹೊನ್ನಾವರ:

ಕಾರವಾರದವರು ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಅದೇ ಪವನ್‌ನನ್ನು 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲು ಹೋಯಿತು, ಇಡೀ ಋತು ಹೊರಗೆ. ಆಮೇಲೆ ರೇಡಿಂಗ್ ಭಾರ ಹೊತ್ತವನು ನರೇಂದರ್ ಎಂಬ ಹೊಸ ಹುಡುಗ. ತಲೈವಾಸ್ ಅದೇ ವರ್ಷ ಮೊದಲ ಸಲ ಸೆಮಿಫೈನಲ್ ತಲುಪಿತು.

ಇಪ್ಪತ್ತು ವರ್ಷ ಮೂಲೆಯಲ್ಲಿ ನಿಂತು ಕಾಲು ಹಿಡಿದವನು ನಾನು, ಅದಕ್ಕೇ ಹೇಳುತ್ತೇನೆ. ಎಂಥ ರೇಡರ್ ಆದರೂ ಔಟಾದ ಮೇಲೆ ಗೆರೆಯಾಚೆ ಕೂರುವವನೇ. ಅವನನ್ನು ಮತ್ತೆ ಒಳಗೆ ತರಲು ಉಳಿದವರು ಎದುರಾಳಿಯನ್ನು ಔಟ್ ಮಾಡಬೇಕು. ನಿಮ್ಮ ಮೂಲೆಯಲ್ಲಿ ನಿಂತು ಹಿಡಿಯುವವರು ಗಟ್ಟಿ ಇಲ್ಲದಿದ್ದರೆ 25 ಸಾವಿರದ ಆಟಗಾರ ಹೊರಗೆ ಕುಳಿತು ನೀರು ಕುಡಿಯುತ್ತಿರುತ್ತಾನೆ, ಅಷ್ಟೇ. ಇನ್ನು ಮೊಣಕಾಲು ನೋವು ಎಂದು ಗೊತ್ತಾದರೆ ಡಿಫೆಂಡರ್‌ಗಳು ಬೇರೆಲ್ಲಿಯೂ ಕೈ ಹಾಕುವುದಿಲ್ಲ. ನಾನೂ ಹಾಕುತ್ತಿರಲಿಲ್ಲ, ನಾಚಿಕೆಯಿಂದಲೇ ಒಪ್ಪುತ್ತೇನೆ.

ಅಂದ ಹಾಗೆ, ಆ ಬಸ್ಕಿ ಹೊಡೆದ ಹುಡುಗ ನಿಮಗೆ ಏನಾಗಬೇಕು?

ಶಿರಸಿಯವ, ಈಗ ಡಲ್ಲಾಸ್:

ಇಲ್ಲಿ ಬೇಸ್‌ಬಾಲ್‌ನಲ್ಲಿ ಇದೇ ರಗಳೆ, ಸೊನ್ನೆಗಳು ಮಾತ್ರ ಹೆಚ್ಚು. ನಮ್ಮ ಪಕ್ಕದ ಊರಿನ ಟೆಕ್ಸಾಸ್ ರೇಂಜರ್ಸ್ 2022ರ ಡಿಸೆಂಬರಿನಲ್ಲಿ ಜೇಕಬ್ ಡಿಗ್ರಾಮ್ ಎಂಬ ಪಿಚರ್‌ಗೆ (ಚೆಂಡು ಎಸೆಯುವವನಿಗೆ) ಐದು ವರ್ಷಕ್ಕೆ 18.5 ಕೋಟಿ ಡಾಲರ್ ಒಪ್ಪಿಕೊಂಡಿತು. ಅದ್ಭುತ ಆಟಗಾರ, ಆದರೆ ಹಿಂದಿನ ಎರಡು ವರ್ಷಗಳಲ್ಲಿ ಬಹಳ ಕಾಲ ಗಾಯದಿಂದ ಹೊರಗಿದ್ದವನು. 2023ರಲ್ಲಿ ಆರು ಪಂದ್ಯ ಶುರು ಮಾಡಿದ, ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದ. ಇಲ್ಲಿ ಸಹಿ ಬಿದ್ದ ಮೇಲೆ ಆಟಗಾರ ಗಾಯಗೊಂಡು ಮಲಗಿದರೂ ಸಂಬಳ ನಿಲ್ಲುವುದಿಲ್ಲ. ತಮಾಷೆಯೆಂದರೆ ರೇಂಜರ್ಸ್ ಆ ವರ್ಷವೇ, ಅವನಿಲ್ಲದೆಯೇ, ಮೊದಲ ಸಲ ಇಲ್ಲಿನ ಬೇಸ್‌ಬಾಲ್ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದಿತು.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಕಾರ್ಲೋಸ್ ಕೊರೆಯಾ ಎಂಬ ಇನ್ನೊಬ್ಬ ಬೇಸ್‌ಬಾಲ್ ಆಟಗಾರನ ಕಥೆ. ಸ್ಯಾನ್ ಫ್ರಾನ್ಸಿಸ್ಕೋ ತಂಡ 13 ವರ್ಷಕ್ಕೆ 35 ಕೋಟಿ ಡಾಲರ್ ಎಂದಿತು. ವೈದ್ಯಕೀಯ ತಪಾಸಣೆಯಲ್ಲಿ ಕಾಲಿನ ಹಳೆಯ ಗಾಯದ ಪ್ರಶ್ನೆ ಎದ್ದು ಹಿಂದೆ ಸರಿಯಿತು. ನ್ಯೂಯಾರ್ಕ್ ಮೆಟ್ಸ್ 12 ವರ್ಷಕ್ಕೆ 31.5 ಕೋಟಿ ಎಂದಿತು, ಅಲ್ಲಿಯೂ ಅದೇ. ಕೊನೆಗೆ ಮಿನ್ನೆಸೋಟಾ ಆರು ವರ್ಷಕ್ಕೆ 20 ಕೋಟಿ ಖಾತರಿ ಮಾಡಿ, ಮುಂದಿನ ವರ್ಷಗಳ ಹಣ ಅವನು ಎಷ್ಟು ಆಡುತ್ತಾನೆ ಎಂಬುದರ ಮೇಲೆ ಎಂದು ಕಟ್ಟಿತು. ನೀವೂ ಮುಂಗಡ ಬಿಡಿ, ಪಂದ್ಯಕ್ಕಿಷ್ಟು ಎಂದು ಮಾತಾಡಿ. ಮೊದಲು ಮಣಿಪಾಲದ ಚೀಟಿ ನೋಡಿ.

ಖಜಾಂಚಿ, ಅಂಕೋಲಾ ಕಡೆಯವನು:

ಹೊನ್ನಾವರದವರು ಸರಿಯಾಗಿಯೇ ಕಾಲು ಹಿಡಿದರು. ಆ ಹುಡುಗ ನನ್ನ ತಂಗಿಯ ಮಗ. ಇದನ್ನು ತಂಡದ ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಿನ್ನೆ ಅವನನ್ನೇ ಕೇಳಿದೆ. "ಮಾವ, ಅವರನ್ನು ಕರೆಸಿ. ಎರಡು ದಿನ ಅವರ ಜೊತೆ ಅಭ್ಯಾಸ ಮಾಡಲು ಸಿಕ್ಕಿದರೆ ನನಗೆ ಅದೇ ದೊಡ್ಡದು" ಎಂದ. ಎರಡು ವಾರದಿಂದ ಇವನ ಪರವಾಗಿ ವಾದ ಮಾಡುತ್ತಿದ್ದ ನಾನು ಒಂದು ಸಲವೂ ಇವನನ್ನು ಕೇಳಿರಲಿಲ್ಲ.

ಸಂಜೆ ರೇಡರ್‌ನ ಮನೆಗೆ ಹೋದೆ. ಚೀಟಿ ಕೇಳಲು ಸಂಕೋಚಪಡುತ್ತಿದ್ದಾಗ ಅವನೇ ಒಳಗಿನಿಂದ ಫೈಲು ತಂದಿಟ್ಟ. ಕಳೆದ ವರ್ಷವೇ ಶಸ್ತ್ರಚಿಕಿತ್ಸೆಯಾಗಿದೆ. ಆಡಬಹುದು, ಆದರೆ ದಿನಕ್ಕೆ ಒಂದೇ ಪಂದ್ಯ ಎಂದು ವೈದ್ಯರು ಬರೆದಿದ್ದಾರೆ. ನಾನು ಹೇಳಿದ್ದು ಇಷ್ಟು: ಲೀಗ್ ಪಂದ್ಯಗಳಿಗೆ ನಮ್ಮ ಹುಡುಗ; ನಾಕೌಟ್ ತಲುಪಿದರೆ ದಿನಕ್ಕೊಂದರಂತೆ ಇವನು, ಪಂದ್ಯಕ್ಕೆ 5 ಸಾವಿರ; ಗೆದ್ದರೆ ಬಹುಮಾನದಲ್ಲಿ ಇನ್ನೊಂದು 5 ಸಾವಿರ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದ. ಸೆಮಿಫೈನಲ್, ಫೈನಲ್ ಒಂದೇ ರಾತ್ರಿ ಬಂದರೆ ಏನು ಎಂದು ಇಬ್ಬರೂ ಮಾತೆತ್ತಲಿಲ್ಲ.

ಭಾನುವಾರ ಅಭ್ಯಾಸಕ್ಕೆ ಬರುತ್ತಾನೆ. ಮಣ್ಣಿನ ಅಂಕಣದಲ್ಲಿ ಇಳಿಯುವುದಿಲ್ಲವಂತೆ. ಕುಮಟಾ, ಅಂಕೋಲಾ ಕಡೆ ಒಂದು ದಿನಕ್ಕೆ ಮ್ಯಾಟ್ ಬಾಡಿಗೆಗೆ ಕೊಡುವವರು ಇದ್ದರೆ ದಯವಿಟ್ಟು ತಿಳಿಸಿ.