ಬೋರ್ ನೀರು, ಫ್ರಂಟ್ ಲೋಡ್: ಕರಿ ಬಟ್ಟೆ ಮೇಲೆ ಬಿಳಿ ಗೆರೆ, ನೀರು ತುಂಬೋದೂ ನಿಧಾನ

ಕಲ್ಲಿನಕೋಟೆ (ಚಿತ್ರದುರ್ಗ)
7 ಕೆಜಿ ಫ್ರಂಟ್ ಲೋಡ್ ವಾಷಿಂಗ್ ಮಷಿನ್. ನಗರಸಭೆ ನೀರು, ಬೋರ್ ನೀರು ಎರಡೂ ಒಂದೇ ಸಂಪಿಗೆ ಬೀಳುತ್ತವೆ. ಕರಿ ಪ್ಯಾಂಟ್ ಒಣಗಿದ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಗೆರೆ, ಟವೆಲ್ ರಟ್ಟಿನ ಹಾಗೆ ಬಿರುಸು. ಈಚೆಗೆ ನೀರು ತುಂಬೋದಕ್ಕೇ ತುಂಬಾ ಹೊತ್ತು ತಗೊಂಡು, ನೀರಿಲ್ಲ ಅಂತ ತೋರಿಸಿ ನಿಂತುಬಿಡುತ್ತೆ. ಟಿಡಿಎಸ್, ಅಂದರೆ ನೀರಲ್ಲಿ ಕರಗಿರೋ ಉಪ್ಪು-ಖನಿಜಗಳ ಒಟ್ಟು ಅಳತೆ, ಲೀಟರಿಗೆ 1,150 ಮಿಲಿಗ್ರಾಂ. ಪೌಡರ್ ಕಡಿಮೆ ಮಾಡಬೇಕಾ, ನಲ್ಲಿಗೆ ಸಿಕ್ಕಿಸೋ ಫಿಲ್ಟರ್ ತರಬೇಕಾ?

ಬೆಣ್ಣೆನಗರಿ (ದಾವಣಗೆರೆ)
ಸರ್, ಮೊದಲು ಗೆರೆ ಯಾವುದರದ್ದು ಅಂತ ನೋಡ್ರಿ. ಅದರ ಮೇಲೆ ನಿಂಬೆರಸ ನಾಲ್ಕು ಹನಿ ಬಿಡಿ. ಕರಗಿ ಹೋದರೆ ಅದು ಗಡಸು ನೀರಿನ ಸುಣ್ಣ. ಬರೀ ಬಿಸಿನೀರಿಗೇ ಹೋದರೆ ಕರಗದೆ ಉಳಿದ ಪೌಡರ್. ಡ್ರಮ್ ತುಂಬಾ ತುರುಕಿದಾಗ ಆಗೋದು ಇದೇ. ಬಟ್ಟೆಯ ಮೇಲೆ ಒಂದು ಗೇಣು ಜಾಗ ಖಾಲಿ ಇರಲೇಬೇಕು.

ಸುಣ್ಣವೇ ಆಗಿದ್ದರೆ ಪೌಡರ್ ಕಡಿಮೆ ಮಾಡಬೇಡಿ, ಕೊಳೆಯೂ ಹೋಗಲ್ಲ. ಪೌಡರ್‌ನಲ್ಲಿರೋ ಸೋಡಾ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಸೀಮೆಸುಣ್ಣದಂಥ ಪುಡಿಯಾಗಿ ಬಟ್ಟೆಗೆ ಕೂರುತ್ತೆ. ಅದಕ್ಕೇ ಕರಿ ಬಟ್ಟೆಗೆ ಪೌಡರ್ ಬದಲು ಫ್ರಂಟ್ ಲೋಡ್ ಲಿಕ್ವಿಡ್ ಹಾಕಿ, ಪ್ಯಾಕೆಟ್ ಮೇಲೆ ಗಡಸು ನೀರಿಗೆ ಬರೆದಿರೋ ಅಳತೆಯಷ್ಟೇ. ಒಂದು ಸಲ ಹೆಚ್ಚಿಗೆ ಜಾಲಿಸೋ ಬಟನ್ ಒತ್ತಿ.

ನಲ್ಲಿ_ವಾಷರ್
ನೀರು ನಿಧಾನಕ್ಕೆ ಕಾರಣ ಬೇರೆ. ಪ್ಲಗ್ ತೆಗೆದು, ನಲ್ಲಿ ಮುಚ್ಚಿ, ಮಷಿನ್ ಹಿಂದಿನ ಪೈಪ್ ಬಿಚ್ಚಿ. ಒಳಗೆ ಬೆರಳುಗುರಿನಷ್ಟು ಜಾಲರಿ ಇರುತ್ತೆ. ಇಕ್ಕಳದಿಂದ ಮೆಲ್ಲಗೆ ಎಳೆದು ಹಳೇ ಹಲ್ಲುಜ್ಜೋ ಬ್ರಷ್‌ನಿಂದ ತಿಕ್ಕಿ. ಬೋರ್ ಮರಳು ಕಟ್ಟಿಕೊಳ್ಳೋದು ಅಲ್ಲೇ.

ಜಾಲರಿ ಚೊಕ್ಕಟವಾಗಿದ್ದೂ ನೀರು ಬರದಿದ್ದರೆ ಟ್ಯಾಂಕಿನ ಎತ್ತರ ಅಳೀರಿ. ಟ್ಯಾಂಕಿನ ನೀರು ನಲ್ಲಿಗಿಂತ 1 ಮೀಟರ್ ಮೇಲಿದ್ದರೆ ಸಿಗೋ ಒತ್ತಡ ಸುಮಾರು 0.1 ಬಾರ್. ಬಹಳಷ್ಟು ಮಷಿನ್‌ಗಳು 0.3 ರಿಂದ 0.5 ಬಾರ್ ಕೇಳುತ್ತವೆ. ಟ್ಯಾಂಕ್ ಇರೋ ತಾರಸಿಯ ನೇರ ಕೆಳಗಿನ ಮಹಡಿಯಲ್ಲೇ ಮಷಿನ್ ಇದ್ದರೆ ಒತ್ತಡ ಸಾಲದೇ ಹೋಗಬಹುದು, ಆಗ ಸಣ್ಣ ಪ್ರೆಷರ್ ಪಂಪ್ ಬೇಕಾಗುತ್ತೆ.

ಬೆಣ್ಣೆನಗರಿ (ದಾವಣಗೆರೆ)
ಟಿಡಿಎಸ್ ನೋಡಿ ಗಡಸುತನ ಹೇಳೋಕಾಗಲ್ಲ. ಅದರಲ್ಲಿ ಸೋಡಿಯಂ ಉಪ್ಪೂ ಸೇರಿರುತ್ತೆ, ಅದರಿಂದ ಸುಣ್ಣ ಕಟ್ಟಲ್ಲ. ಹನಿ ಹಾಕಿ ನೋಡೋ ಹಾರ್ಡ್‌ನೆಸ್ ಕಿಟ್ ತನ್ನಿ. ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಪ್ಪುವ ಮಟ್ಟ, ಬೇರೆ ನೀರೇ ಇಲ್ಲದಿದ್ದರೆ 600ರ ತನಕ.

ನಲ್ಲಿಗೆ ಸಿಕ್ಕಿಸೋ ಫಿಲ್ಟರ್‌ನಲ್ಲಿ ಸಾಮಾನ್ಯವಾಗಿ ಇರೋದು ಫಾಸ್ಫೇಟ್ ಹರಳು. ಸುಣ್ಣ ಹೀಟರಿಗೆ ಅಂಟದ ಹಾಗೆ ತಡೆಯುತ್ತೆ ಅಷ್ಟೇ, ಗಡಸುತನ ಇಳಿಸಲ್ಲ. ಹರಳು ಕರಗಿದ ಹಾಗೆ ಮತ್ತೆ ತುಂಬಬೇಕು. ನಿಜವಾಗಿ ಇಳಿಸೋದು ರೆಸಿನ್ ಸಾಫ್ಟ್‌ನರ್, ಅಂದರೆ ಕ್ಯಾಲ್ಸಿಯಂ ಹಿಡಿದಿಡೋ ಮಣಿಗಳಿರೋ ಉಪಕರಣ; ಮಣಿಗಳು ಮತ್ತೆ ಕೆಲಸ ಮಾಡೋಕೆ ಅದಕ್ಕೆ ಆಗಾಗ ಉಪ್ಪುನೀರು ಕೊಡಬೇಕು.

ನನ್ನ ಕೇಳಿದರೆ ಖರ್ಚಿಗಿಂತ ಮೊದಲು ನಗರಸಭೆ ನೀರನ್ನ ಬೇರೆ ಟ್ಯಾಂಕಿಗೆ ಹಿಡೀರಿ. ಅದು ಶಾಂತಿಸಾಗರ ಕೆರೆಯದ್ದಾಗಲಿ ವಾಣಿವಿಲಾಸ ಜಲಾಶಯದ್ದಾಗಲಿ, ಸಾಮಾನ್ಯವಾಗಿ ಬೋರ್ ನೀರಿಗಿಂತ ಮೆದು. ಒಂದು ಲೋಡಿಗೆ 50–60 ಲೀಟರ್ ಲೆಕ್ಕ ಇಟ್ಕೊಳ್ಳಿ.

ಕಲ್ಲಿನಕೋಟೆ (ಚಿತ್ರದುರ್ಗ)
ಒಳಗೆ ಆಗಲೇ ಕಟ್ಟಿರೋ ಸುಣ್ಣಕ್ಕೆ?

ನಲ್ಲಿ_ವಾಷರ್
100 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು, ಖಾಲಿ ಡ್ರಮ್ಮಿಗೆ ಹಾಕಿ 60 ಡಿಗ್ರಿ ಕಾಟನ್ ಪ್ರೋಗ್ರಾಂ ಓಡಿಸಿ, ಆಮೇಲೆ ಒಂದು ಸಲ ಬರೀ ನೀರಲ್ಲಿ ಜಾಲಿಸಿ. ಮೂರು ತಿಂಗಳಿಗೊಮ್ಮೆ ಸಾಕು. ಪದೇ ಪದೇ ಹಾಕಿದರೆ ರಬ್ಬರಿಗೆ ಒಳ್ಳೇದಲ್ಲ. ಬ್ಲೀಚ್ ಜೊತೆ ಮಾತ್ರ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತೆ.